ತ್ರಿವೇಣಿಯವರ ಬರವಣಿಗೆ: ಪ್ರೀತಿಯನ್ನು ಪರೀಕ್ಷೆಗೆ ಒಡ್ಡಿದ ಕಾದಂಬರಿಗಳು



ಅಂಕೋಲಾ ತಾಲ್ಲೂಕಿನ ಬೆಳಂಬಾರ ಕಡಲಂಚಿನ ಊರು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತಕ್ಕೆ ಅದು ಹೆಸರಾಗಿದೆ. ಇಂಥ ಊರುಗಳಲ್ಲಿಯೂ, ಘಟ್ಟದ ಮೇಲಿನ ಪಟ್ಟಣಗಳಲ್ಲಿಯೂ, ಒಂದು ಕಾಲಕ್ಕೆ ಒಂದೇ ಬಗೆಯ ಗದರಿಕೆ ಕೇಳಿಸುತ್ತಿತ್ತು: “ಕಾದಂಬರಿ ಓದಿ ಹಾಳಾಗಬೇಡ.” ಪಠ್ಯಪುಸ್ತಕದ ನಡುವೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದ ಹುಡುಗಿಯರಿಗೆ ಈ ಮಾತು ಹೆಚ್ಚಾಗಿ ಬೀಳುತ್ತಿತ್ತು. ಪ್ರೇಮದ ಕಾದಂಬರಿ ಎಂದರೆ ಹೊತ್ತು ಕಳೆಯುವ ಸರಕು, ತಲೆ ಕೆಡಿಸುವ ಸರಕು ಎಂಬುದು ಹಿರಿಯರ ಎಣಿಕೆ. ಆ ಎಣಿಕೆ ಎಷ್ಟು ಸರಿ ಎಂಬುದನ್ನು ಒಬ್ಬ ಲೇಖಕಿಯ ಬದುಕು ಮತ್ತು ಬರವಣಿಗೆಯ ಮೂಲಕ ನೋಡೋಣ. ಆ ಲೇಖಕಿ ತ್ರಿವೇಣಿ.

ತ್ರಿವೇಣಿ ಎಂಬುದು ಕಾವ್ಯನಾಮ. ಅವರ ಹೆಸರು ಅನಸೂಯಾ. ಮದುವೆಯ ನಂತರ ಅನಸೂಯಾ ಶಂಕರ್. 1928ರ ಸೆಪ್ಟೆಂಬರ್ 1ರಂದು ಹುಟ್ಟಿದರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪನ ವರಸೆ. ಮನೆತನದಲ್ಲಿ ಸಾಹಿತ್ಯದ ಗಾಳಿ ಇತ್ತು ಎಂಬುದಕ್ಕೆ ಇಷ್ಟು ಸಾಕು. ಆದರೆ ಅವರ ಬರವಣಿಗೆಯ ಗುಟ್ಟು ತಿಳಿಯಬೇಕಾದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುವಾಗ ಅವರು ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮನಸ್ಸು ಹೇಗೆ ಹೆದರುತ್ತದೆ, ಹೇಗೆ ಸುಳ್ಳು ಹೇಳಿಕೊಳ್ಳುತ್ತದೆ, ಬಾಲ್ಯದ ಪೆಟ್ಟು ದೊಡ್ಡವರಾದ ಮೇಲೆ ಹೇಗೆ ಎದ್ದು ಬರುತ್ತದೆ ಎಂಬ ಪ್ರಶ್ನೆಗಳನ್ನು ಅವರು ತರಗತಿಯಲ್ಲೇ ಬಿಟ್ಟು ಬರಲಿಲ್ಲ. ಅಡುಗೆಮನೆಗೂ ನಡುಮನೆಗೂ ತಂದರು.

1953ರಲ್ಲಿ ಅವರ ‘ಅಪಸ್ವರ’ ಪ್ರಕಟವಾಯಿತು. 1963ರ ಜುಲೈ 29ರಂದು ಅವರು ತೀರಿಕೊಂಡರು. ಆಗ ಅವರ ವಯಸ್ಸು 34. ಮಗಳು ಹುಟ್ಟಿ ಕೆಲವೇ ದಿನಗಳಾಗಿದ್ದವು. ಈ ಎರಡು ವರ್ಷಗಳ ನಡುವೆ ಇರುವುದು ಒಂದೇ ಒಂದು ದಶಕ. ಅಷ್ಟರಲ್ಲಿ ಸುಮಾರು 20 ಕಾದಂಬರಿಗಳು, ಮೂರು ಕಥಾಸಂಕಲನಗಳು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಎರಡು ಕಾದಂಬರಿ. ಸಂಸಾರವನ್ನು ನಡೆಸುತ್ತ ಹೀಗೆ ಬರೆಯಬೇಕಾದರೆ ಸ್ಫೂರ್ತಿ ಬರಲಿ ಎಂದು ಕಾದು ಕೂರುವುದಕ್ಕೆ ಆಗುವುದಿಲ್ಲ. ಬರೆಯುವುದು ದಿನದ ಕೆಲಸವಾಗಬೇಕು, ನೀರು ತರುವ ಹಾಗೆ, ಒಲೆ ಹೊತ್ತಿಸುವ ಹಾಗೆ.

ಆ ಕಾಲದ ಓದುಗರ ವಿಷಯವನ್ನೂ ನೀವು ತಿಳಿದಿರಬೇಕು. ‘ಸುಧಾ’ ವಾರಪತ್ರಿಕೆ ಆರಂಭವಾದದ್ದು 1965ರಲ್ಲಿ, ‘ಮಯೂರ’ 1968ರಲ್ಲಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದೂ 1965ರಲ್ಲಿಯೇ. ಇವೆಲ್ಲಕ್ಕೂ ಮೊದಲೇ ತ್ರಿವೇಣಿ ಬರೆದು ಮುಗಿಸಿದ್ದರು. ಒಂದು ಪುಸ್ತಕ ಒಂದು ಮನೆಗೆ ಬಂದರೆ ಅಕ್ಕ ಓದಿ, ತಂಗಿ ಓದಿ, ಪಕ್ಕದ ಮನೆಗೆ ಹೋಗಿ, ರಟ್ಟು ಕಿತ್ತುಹೋಗುವ ತನಕ ಸುತ್ತುತ್ತಿದ್ದ ಕಾಲ ಅದು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಗೃಹಿಣಿಯೂ ತಡವರಿಸದೆ ಓದುವಂತೆ ತ್ರಿವೇಣಿಯವರ ಗದ್ಯ ತಿಳಿಯಾಗಿತ್ತು. ಸಣ್ಣ ವಾಕ್ಯ, ಮನೆಮಾತಿನ ಸಂಭಾಷಣೆ. ಕಠಿಣವಾದದ್ದು ವಿಷಯ ಮಾತ್ರ.

ಆ ವಿಷಯ ಎಂಥದು? ಸಾಮಾನ್ಯ ಪ್ರೇಮಕಥೆಯ ಜಾಡು ನಿಮಗೆ ಗೊತ್ತೇ ಇದೆ. ಇಬ್ಬರು ಭೇಟಿಯಾಗುತ್ತಾರೆ; ಅಡ್ಡಿ ಬರುತ್ತದೆ; ಅಡ್ಡಿ ಕಳೆಯುತ್ತದೆ; ಮಂಗಳವಾದ್ಯ ಮೊಳಗುತ್ತದೆ. ಅಡ್ಡಿ ಯಾವಾಗಲೂ ಹೊರಗಿನದು: ಹಟಮಾರಿ ತಂದೆ, ಹಣ, ಜಾತಿ, ಒಬ್ಬ ದುಷ್ಟ. ತ್ರಿವೇಣಿಯವರಲ್ಲಿ ಅಡ್ಡಿ ಬಹಳಷ್ಟು ಸಲ ಪ್ರೀತಿಸುವವರ ಮನಸ್ಸಿನ ಒಳಗೇ ಕೂತಿರುತ್ತದೆ. ಪ್ರೀತಿ ಎಂದು ಹೇಳಿಕೊಳ್ಳುವುದರಲ್ಲಿ ಆಸೆ ಎಷ್ಟು, ಅನುಕೂಲ ಎಷ್ಟು, ಅಹಂಕಾರ ಎಷ್ಟು ಎಂದು ಅವರು ಕೇರಿ ನೋಡುತ್ತಾರೆ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ‘ಬೆಳ್ಳಿ ಮೋಡ’. ಇಂದಿರಾ ಕಾಫಿ ತೋಟದ ಶ್ರೀಮಂತರ ಒಬ್ಬಳೇ ಮಗಳು. ಮೋಹನನಿಗೂ ಅವಳಿಗೂ ಮದುವೆ ಎಂದು ಗೊತ್ತಾಗುತ್ತದೆ. ಆಕೆಯ ತಂದೆಯ ಹಣದಲ್ಲೇ ಅವನು ಹೆಚ್ಚಿನ ಓದಿಗೆ ಪರದೇಶಕ್ಕೆ ಹೋಗುತ್ತಾನೆ. ಇತ್ತ ಇಂದಿರಾಳ ತಾಯಿಗೆ ತಡವಾಗಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ಬೇರೆ ವಾರಸುದಾರ ಬಂದ. ಹಿಂತಿರುಗಿದ ಮೋಹನನ ಪ್ರೀತಿ ಅಲ್ಲಿಗೆ ತಣ್ಣಗಾಗುತ್ತದೆ. ಮುಂದೆ ಅವನು ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಾಗ ಅವನ ಶುಶ್ರೂಷೆ ಮಾಡುವವಳು ಅದೇ ಇಂದಿರಾ. ಅವನ ಮನಸ್ಸು ಕರಗುತ್ತದೆ. ಮದುವೆಯಾಗು ಎಂದು ಬೇಡುತ್ತಾನೆ. ಬೇರೆ ಕಥೆಯಾಗಿದ್ದರೆ ಇಲ್ಲಿ ಸುಖಾಂತ. ಇಲ್ಲಿ ಇಂದಿರಾ ಒಲ್ಲೆ ಎನ್ನುತ್ತಾಳೆ.

ಆ ‘ಒಲ್ಲೆ’ಯನ್ನು ಸ್ವಲ್ಪ ಹೊತ್ತು ಯೋಚಿಸಿ. ಆಕೆಗೆ ಅವನ ಮೇಲೆ ದ್ವೇಷವಿಲ್ಲ. ದ್ವೇಷವಿದ್ದರೆ ಸೇವೆ ಮಾಡುತ್ತಿರಲಿಲ್ಲ. ನೊಂದವನಿಗೆ ಮರುಗುವುದು ಬೇರೆ, ಬದುಕನ್ನೇ ಅವನ ಕೈಗೆ ಕೊಡುವುದು ಬೇರೆ ಎಂದು ಆಕೆಗೆ ತಿಳಿದಿದೆ. ಹೆಣ್ಣು ಎಂದರೆ ಕ್ಷಮಿಸುವವಳು, ಎಷ್ಟು ನೋಯಿಸಿದರೂ ಕಾದು ಕೂತಿರುವವಳು ಎಂದು ಕಲಿಸುತ್ತಿದ್ದ ದಿನಗಳಲ್ಲಿ ಒಂದು ಜನಪ್ರಿಯ ಕಾದಂಬರಿ ಈ ಮಾತು ಆಡಿತು. ಕಾದಂಬರಿ ಓದಿದ ಹುಡುಗಿ ಹಾಳಾಗುತ್ತಾಳೆ ಎನ್ನುವವರಿಗೆ ಇದೇ ನನ್ನ ಉತ್ತರ: ಇದನ್ನು ಓದಿದ ಹುಡುಗಿ ಒಂದು ಪ್ರಶ್ನೆ ಕೇಳಲು ಕಲಿಯುತ್ತಾಳೆ. ಹುಡುಗರೂ ಓದಬೇಕು, ಮೋಹನ ಖಳನಾಯಕನಲ್ಲ, ತನ್ನ ದುರಾಸೆಯನ್ನು ತಾನೇ ಗುರುತಿಸದ ಒಬ್ಬ ವಿದ್ಯಾವಂತ.

ಎರಡನೆಯದು ‘ಶರಪಂಜರ’. ಬೇರೆಯವರು ಕಥೆ ಮುಗಿಸುವ ಜಾಗದಲ್ಲಿ, ಅಂದರೆ ಮದುವೆಯ ಆಚೆಗೆ, ಇದರ ನಿಜವಾದ ಕಥೆ ಶುರುವಾಗುತ್ತದೆ. ಕಾವೇರಿ, ಸತೀಶ ಒಲಿದು ಮದುವೆಯಾದ ದಂಪತಿಗಳು. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಅಸ್ವಸ್ಥವಾಗುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಗುಣವಾಗಿ ಅವಳು ಮನೆಗೆ ಮರಳುತ್ತಾಳೆ. ಆದರೆ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸಿಟ್ಟು ಮಾಡಿದರೆ ಅನುಮಾನ. ಪ್ರೀತಿಸಿ ಮದುವೆಯಾದ ಗಂಡನೇ ದೂರ ಸರಿದಿದ್ದಾನೆ. ಕೊನೆಗೆ ಅವಳು ಮತ್ತೆ ಆ ಕಾಯಿಲೆಗೇ ಜಾರುತ್ತಾಳೆ. ಔಷಧ ಗೆದ್ದ ಕಡೆ ಮನೆಯವರು ಸೋಲಿಸಿದರು.

ಹೆರಿಗೆಯ ನಂತರ ಬರುವ ತೀವ್ರ ಮಾನಸಿಕ ಕಾಯಿಲೆ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅದು ದೆವ್ವವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಬೇಗ ಚಿಕಿತ್ಸೆ ಸಿಕ್ಕಿದರೆ ಬಹುಪಾಲು ಗುಣವಾಗುತ್ತದೆ. ಇಂದು ಇದು ಪಾಠದಲ್ಲಿ ಸಿಗುವ ವಿಷಯ. ತ್ರಿವೇಣಿ ಬರೆಯಲು ತೊಡಗಿದ ಕಾಲದಲ್ಲಿ ಹಾಗಿರಲಿಲ್ಲ. ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದದ್ದೇ 1954ರಲ್ಲಿ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಹೊರಗೆ ಗೊತ್ತಾಗದಂತೆ ಮುಚ್ಚಿಡುವುದೇ ವಾಡಿಕೆ. ಮುಚ್ಚಿಟ್ಟದ್ದನ್ನು ಒಂದು ಕಾದಂಬರಿ ಬಯಲಿಗೆ ತಂದಿತು. ಪ್ರೇಮಕಥೆಯ ಉಡುಪಿನಲ್ಲಿ ಬಂದದ್ದರಿಂದಲೇ ಅದು ಮನೆಮನೆಯ ಒಳಗೆ ಹೋಯಿತು. ಅದೇ ವಿಷಯದ ಮೇಲೆ ಒಂದು ಪ್ರಬಂಧ ಬರೆದಿದ್ದರೆ ಎಷ್ಟು ಜನ ಓದುತ್ತಿದ್ದರು?

ಈ ಕಥೆಗಳನ್ನು ಚಿತ್ರರಂಗವೂ ಕೈಗೆತ್ತಿಕೊಂಡಿತು. ‘ಬೆಕ್ಕಿನ ಕಣ್ಣು’ 1966ರಲ್ಲಿ ಮಲಯಾಳದಲ್ಲಿ ‘ಪೂಚ್ಚಕ್ಕಣ್ಣಿ’ ಆಯಿತು. 1967ರಲ್ಲಿ ‘ಬೆಳ್ಳಿ ಮೋಡ’, 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’, 1971ರಲ್ಲಿ ‘ಶರಪಂಜರ’ ತೆರೆಗೆ ಬಂದವು. 1993ರಲ್ಲಿ ‘ಹೂವು ಹಣ್ಣು’ ಕೂಡ ಚಿತ್ರವಾಯಿತು. ‘ಬೆಳ್ಳಿ ಮೋಡ’, ‘ಶರಪಂಜರ’ಗಳನ್ನು ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್, ಇಂದಿರಾ ಆಗಿಯೂ ಕಾವೇರಿಯಾಗಿಯೂ ಅಭಿನಯಿಸಿದವರು ಕಲ್ಪನಾ. ಲೇಖಕಿ ಇವುಗಳಲ್ಲಿ ಒಂದನ್ನೂ ನೋಡಲಿಲ್ಲ. ಚಿತ್ರ ನೋಡಿದವರು ಪುಸ್ತಕವನ್ನೂ ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ತೆರೆಯ ಮೇಲೆ ಕಾಣುವುದು ಮುಖ. ಆ ಮುಖ ಹಾಗಾಗುವ ಮೊದಲು ಒಳಗೆ ನಡೆದದ್ದು ಪುಟಗಳಲ್ಲಿದೆ.

ತ್ರಿವೇಣಿ ತೀರಿಕೊಂಡ 1963ರಲ್ಲೇ ಇನ್ನೊಬ್ಬ ಲೇಖಕಿಯ ‘ತುಂಗಭದ್ರ’ ಹೊರಬಂತು. ಅವರು ತೀರ್ಥಹಳ್ಳಿಯ ಕಡೆಯ ಎಂ.ಕೆ. ಇಂದಿರಾ. 1917ರಲ್ಲಿ ಹುಟ್ಟಿದ ಅವರಿಗೆ ಆಗ 46 ವರ್ಷ. ಚಿಕ್ಕ ವಯಸ್ಸಿನಲ್ಲೇ ಮದುವೆಯಾದದ್ದರಿಂದ ಶಾಲೆಯ ಓದು ಕೆಲವೇ ವರ್ಷ. ಒಬ್ಬರು 34ಕ್ಕೆ ಬರೆದು ಮುಗಿಸಿದರು, ಇನ್ನೊಬ್ಬರು 46ಕ್ಕೆ ತೊಡಗಿದರು. ಬರೆಯಲು ಸರಿಯಾದ ವಯಸ್ಸು ಯಾವುದು, ಯಾವ ಪದವಿ ಬೇಕು ಎಂದು ಕೇಳುವವರಿಗೆ ಈ ಇಬ್ಬರ ಹೆಸರು ಹೇಳಿದರೆ ಸಾಕು. ಇಂಗ್ಲೆಂಡಿನ ಜೇನ್ ಆಸ್ಟಿನ್ ತಮ್ಮ ಮೊದಲ ಕಾದಂಬರಿಯನ್ನು 1811ರಲ್ಲಿ ಪ್ರಕಟಿಸಿದಾಗ ಪುಸ್ತಕದ ಮೇಲೆ ಹೆಸರೇ ಇರಲಿಲ್ಲ. ಒಬ್ಬ ಮಹಿಳೆ ಬರೆದದ್ದು ಎಂದಷ್ಟೇ ಇತ್ತು. ಅವರ ಜಗತ್ತೂ ಕೆಲವು ಮನೆಗಳು, ಕೆಲವು ಮದುವೆಗಳು. ಸಣ್ಣ ಜಗತ್ತನ್ನು ಚೆನ್ನಾಗಿ ನೋಡಿದವರ ಪುಸ್ತಕ ಇನ್ನೂರು ವರ್ಷ ದಾಟಿಯೂ ಓದಿಸಿಕೊಳ್ಳುತ್ತಿದೆ.

ಇದು ಪುಸ್ತಕ ಬಲ್ಲವರ ಮಾತಾಯಿತು ಎನ್ನಬೇಡಿ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು ಶಾಲೆ ಕಲಿತವರಲ್ಲ. ಹಾಲಕ್ಕಿ ಹೆಂಗಸರ ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟು ಹಾಡಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಹೆಣ್ಣು ತವರು ಬಿಡುವ ನೋವು, ಹೊಸ ಮನೆಯ ಅಂಜಿಕೆ, ಒಲವು, ಮುನಿಸು, ಇವನ್ನೆಲ್ಲ ನಮ್ಮ ಹೆಂಗಸರು ನಾಟಿ ಗದ್ದೆಯಲ್ಲೂ ಮದುವೆಯ ಚಪ್ಪರದಲ್ಲೂ ಹಾಡಿಕೊಂಡೇ ಬಂದಿದ್ದಾರೆ. ಅಲ್ಲಿ ಹಾಡಿಗೆ ಸಿಕ್ಕ ಮನಸ್ಸಿನ ಮಾತು ಮೈಸೂರಿನಲ್ಲಿ ಕಾದಂಬರಿಗೆ ಸಿಕ್ಕಿತು.

ನಿಮ್ಮಲ್ಲಿ ಬರೆಯುವ ಆಸೆ ಇರುವವರಿಗೆ ತ್ರಿವೇಣಿಯವರಿಂದ ಕಲಿಯಬಹುದಾದ ಮೂರು ಸಂಗತಿಗಳನ್ನು ಹೇಳುತ್ತೇನೆ. ಒಂದು: ನಾಯಕ, ನಾಯಕಿಯ ರೂಪದಿಂದ ಕಥೆ ಆರಂಭಿಸಬೇಡಿ, ಒಂದು ಪ್ರಶ್ನೆಯಿಂದ ಆರಂಭಿಸಿ. ಗುಣವಾಗಿ ಬಂದವಳನ್ನು ಮನೆ ಒಪ್ಪುತ್ತದೆಯೇ, ಎಂಬಂಥ ಪ್ರಶ್ನೆ. ಎರಡು: ನಿಮಗೆ ಗೊತ್ತಿರುವ ಮನೆಯಲ್ಲೇ ಕಥೆ ನಡೆಯಲಿ. ಬೆಳಂಬಾರದ ಹುಡುಗಿ ಮುಂಬಯಿಯ ಬಂಗಲೆಯ ಪ್ರೇಮ ಬರೆಯಬೇಕಾಗಿಲ್ಲ. ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವ ಅಮ್ಮನ, ಮಳೆಗಾಲದಲ್ಲಿ ದೋಣಿ ದಡಕ್ಕೆ ಬಿದ್ದಾಗ ಸಾಲ ಮಾಡುವ ಅಪ್ಪನ ಮನೆಯಲ್ಲೂ ಒಲವು ಹುಟ್ಟುತ್ತದೆ, ಅಲ್ಲಿ ಅದಕ್ಕೆ ಬೇರೆಯೇ ಕಷ್ಟಗಳಿವೆ. ಮೂರು: ಓದುಗರನ್ನು ಮೆಚ್ಚಿಸಲು ಕೊನೆಯನ್ನು ತಿರುಚಬೇಡಿ. ಇಂದಿರಾ ಒಪ್ಪಿಕೊಂಡಿದ್ದರೆ ಓದುಗರಿಗೆ ಆ ಕ್ಷಣಕ್ಕೆ ಖುಷಿಯಾಗುತ್ತಿತ್ತು, ಪುಸ್ತಕ ಮಾತ್ರ ಮರೆತುಹೋಗುತ್ತಿತ್ತು.

ಬರೆಯುವ ಆಸೆ ಇಲ್ಲದವರಿಗೂ ಒಂದು ಕೆಲಸ ಇದೆ. ನಿಮ್ಮ ಶಾಲೆಯ ಅಥವಾ ಊರಿನ ಗ್ರಂಥಾಲಯದಲ್ಲಿ ತ್ರಿವೇಣಿಯವರ ಒಂದು ಕಾದಂಬರಿಯನ್ನು ಕೇಳಿ ಪಡೆಯಿರಿ. ಯಾರಿಗೂ ಹೆದರದೆ, ಪಠ್ಯಪುಸ್ತಕದ ಮರೆಯಿಲ್ಲದೆ ಓದಿ. ಓದಿದ ಮೇಲೆ ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಕಥೆ ಹೇಳಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ. ಅವರು ಕೊಡುವ ಉತ್ತರವನ್ನು ಬರೆದಿಟ್ಟುಕೊಳ್ಳಿ.