ಕೊನೆಯ ಸವಾರನ ಹೊಣೆ

(ಬಳಗದ ವಾರ್ಷಿಕ ಕೂಟದಲ್ಲಿ, ಬೆಟ್ಟದ ಸೈಕಲ್ ಸಂಘ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳನ್ನೂ ಊರಿನವರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಾಲೇಜಿನ ಯುವಕ ಯುವತಿಯರು ಬೆಟ್ಟದ ಸೈಕಲ್ ಸಂಘವೊಂದನ್ನು ಕಟ್ಟುತ್ತಿದ್ದಾರೆ; ಅಂತಹ ಸಂಘದಲ್ಲಿ ಯಾರು ಯಾವ ಜವಾಬ್ದಾರಿ ಹೊರಬೇಕೆಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಳಗದವರು ಕೇಳಿದರು. ಒಪ್ಪಿಕೊಂಡ ಮೇಲೆ, ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆಯೇನು ಎಂದು ಯೋಚಿಸಿದೆ. ಒಂದು ಸಂಘದ ಅಧ್ಯಕ್ಷನಾಗಿದ್ದಾಗ ನಾನು ಮಾಡಿದ ತಪ್ಪೊಂದಿದೆ, ಅದೇ ಅರ್ಹತೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2017ರ ಜೂನ್ ತಿಂಗಳು. ಮುಂಗಾರು ಹಿಡಿದು ಹತ್ತು ದಿನಗಳಾಗಿದ್ದವು. ಭಾನುವಾರ ಬೆಳಿಗ್ಗೆ ಮಳೆ ಹೊಳವಾಯಿತೆಂಬ ಒಂದೇ ಕಾರಣಕ್ಕೆ ನಮ್ಮ ಸಂಘದ ಹದಿನಾಲ್ಕು ಮಂದಿ ಸೈಕಲ್ಲೇರಿ ಹೊರಟರು. ಗುಡ್ಡದ ನೆತ್ತಿಯಿಂದ ಊರಿಗೆ ಇಳಿಯುವ ಕಾಲುದಾರಿ. ಮೇಲೆ ಬ್ಯಾಣ, ನಡುವೆ ಕಾಡು, ಕೆಳಗೆ ಅಡಿಕೆ ತೋಟ, ಅದರಾಚೆ ಗದ್ದೆ. ಇಳಿಜಾರಿನಲ್ಲಿ ಎಲ್ಲರೂ ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದಿದ್ದರು. ಗಾಲಿ ತಿರುಗದೆ ಜಾರಿದಾಗ ಅದು ನೇಗಿಲಿನ ಕೆಲಸ ಮಾಡುತ್ತದೆ. ಒಂದೇ ಸಾಲಿನಲ್ಲಿ ಹದಿನಾಲ್ಕು ನೇಗಿಲು ಹಾದುಹೋದಂತಾಯಿತು. ತೋಟದ ಅಂಚಿನಲ್ಲಿ ಉಣುಗೋಲು ಅಡ್ಡ ಬಂದಿತು. ಮುಂದಿದ್ದವನು ಅದನ್ನು ಸರಿಸಿದ. ಹಿಂದೆ ಬರುವವನು ಮುಚ್ಚುತ್ತಾನೆಂದು ಪ್ರತಿಯೊಬ್ಬನೂ ತಿಳಿದ.

ಸಂಜೆ ದನಗಳು ಒಳನುಗ್ಗಿ ಸಸಿಮಡಿಯ ಅರ್ಧ ಭಾಗವನ್ನು ಮೇಯ್ದವು. ಮುಂದಿನ ವಾರ ಸುರಿದ ಮಳೆಯಲ್ಲಿ ಗುಡ್ಡದ ನೀರು ತನ್ನ ಹಳೆಯ ಹಾದಿಯನ್ನು ತೊರೆದು ನಾವು ಸೀಳಿದ ಗೀರಿನಲ್ಲಿ ಇಳಿಯಿತು. ಗೀರು ಕೊರಕಲಾಯಿತು. ಕೊರಕಲಿನ ಮಣ್ಣೆಲ್ಲ ತೋಟಕ್ಕೆ ಬಂದು ಬಸಿಗಾಲುವೆ ಹೂತುಹೋಯಿತು.

ತೋಟದ ಯಜಮಾನರು ಎಪ್ಪತ್ತು ದಾಟಿದವರು. ಬಸ್ಸು ಹಿಡಿದು ಪೇಟೆಗೆ ಬಂದು, ನಾವು ಸೇರುತ್ತಿದ್ದ ಚಹಾದಂಗಡಿಯನ್ನು ಹುಡುಕಿಕೊಂಡು ಬಂದರು. ಕೂಗಾಡಲಿಲ್ಲ. “ನಿಮ್ಮಲ್ಲಿ ಯಜಮಾನರು ಯಾರಪ್ಪಾ?” ಎಂದು ಕೇಳಿದರು.

ನಾವು ಪರಸ್ಪರ ಮುಖ ನೋಡಿಕೊಂಡೆವು. ಕಾರ್ಯದರ್ಶಿ, ತಾನು ಹೊರಡುವ ಸಮಯವನ್ನು ತಿಳಿಸಿದ್ದು ಮಾತ್ರ ಎಂದ. ಮುಂದೆ ಹೋದವನು, ತಾನು ವೇಗವಾಗಿ ತುಳಿಯುವವನೇ ಹೊರತು ಮುಂದಾಳಲ್ಲ ಎಂದ. ಕೊನೆಗೆ ಬಂದವನಿಗೆ ತಾನೇ ಕೊನೆಯವನೆಂಬುದು ತಿಳಿದಿರಲಿಲ್ಲ. ಅಧ್ಯಕ್ಷನಾಗಿದ್ದ ನಾನು, ಅಂದು ನಾನು ಸವಾರಿಗೆ ಹೋಗಿರಲಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅವರು ಎಲ್ಲರ ಮಾತನ್ನೂ ಕೇಳಿಸಿಕೊಂಡು, ಚಹಾ ಮುಗಿಸಿ, ತಮ್ಮ ಚಹಾದ ದುಡ್ಡನ್ನು ತಾವೇ ಕೊಟ್ಟು ಎದ್ದುಹೋದರು.

ಮುಂದಿನ ಮೂರು ಭಾನುವಾರ ಗುದ್ದಲಿ, ಬುಟ್ಟಿ ಹಿಡಿದು ಹೋಗಿ ಬಸಿಗಾಲುವೆಯ ಮಣ್ಣು ತೆಗೆದೆವು. ಹದಿನಾಲ್ಕರಲ್ಲಿ ಬಂದವರು ಆರು ಮಂದಿ, ಜೊತೆಗೆ ನಾನು. ಸಸಿಗೆ ದುಡ್ಡು ಕೊಡಬಹುದಿತ್ತು, ಕೊಟ್ಟೆವು. ಆದರೆ ಜೂನ್ ತಿಂಗಳಲ್ಲಿ ಹೋದ ಸಸಿಯನ್ನು ದುಡ್ಡು ಹಿಂದಕ್ಕೆ ತರುವುದಿಲ್ಲವೆಂಬುದು ಇಲ್ಲಿ ಕುಳಿತಿರುವ ರೈತರಿಗೆ ನಾನು ಹೇಳಬೇಕಾದ ಮಾತಲ್ಲ.

ಅವರು ಕೇಳಿದ ಪ್ರಶ್ನೆ ನಮಗೊಬ್ಬರಿಗೇ ಎದುರಾದದ್ದಲ್ಲ. ಬೆಟ್ಟದ ಸೈಕಲ್ ಹುಟ್ಟಿದ ಜಾಗದಲ್ಲಿಯೂ ಅದೇ ಪ್ರಶ್ನೆ ಎದ್ದಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿ ಟಮಾಲ್ಪೈಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ಆರಿಸಿ ತಂದು ಬೆಟ್ಟದಿಂದಿಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಒಂದು ಪಂದ್ಯ ಆರಂಭವಾಯಿತು. ಸುಮಾರು ಮೂರು ಕಿಲೋಮೀಟರಿನ ದಾರಿಯಲ್ಲಿ ನಾನೂರು ಮೀಟರಿನಷ್ಟು ಇಳಿಕೆ. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಬಾರಿ ಹೊಸ ಗ್ರೀಸು ತುಂಬಬೇಕು. ಹಾಗೆ ತುಂಬುವ ಕೆಲಸದಿಂದಲೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲಿ ಮುಂತಾದವರು ಆ ಗುಂಪಿನವರು. ಅಂದು ಅವರಿಗೆ ನಿಯಮಾವಳಿ, ಪದಾಧಿಕಾರಿಗಳು ಯಾವುದೂ ಅಷ್ಟಾಗಿ ಬೇಕಿರಲಿಲ್ಲ.

ಸೈಕಲ್ಲುಗಳ ಸಂಖ್ಯೆ ಬೆಳೆದಾಗ ಬೇಕಾಯಿತು. ನಡೆಯುವವರು, ಕುದುರೆ ಸವಾರರು ದೂರಿತ್ತರು. ಅಲ್ಲಿನ ಕಿರುದಾರಿಗಳಲ್ಲಿ ಸೈಕಲ್ ನಿಷೇಧವಾಯಿತು. ಅಗಲವಾದ ಮಣ್ಣುರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಬಂದಿತು. ಅಮೆರಿಕದ ಅರಣ್ಯ ಸೇವೆಯು 1984ರಲ್ಲಿ ತನ್ನ ವನ್ಯಪ್ರದೇಶಗಳಿಗೆ ಸೈಕಲ್ ಬರಕೂಡದೆಂದು ಸ್ಪಷ್ಟವಾಗಿ ನಿಯಮ ಮಾಡಿತು. ಆಗ ಕ್ಯಾಲಿಫೋರ್ನಿಯಾದ ಕೆಲವು ಸ್ವಯಂಸೇವಾ ಸಂಘಗಳು ಕೂಡಿ 1988ರಲ್ಲಿ ಅಂತಾರಾಷ್ಟ್ರೀಯ ಬೆಟ್ಟದ ಸೈಕಲ್ ಸಂಸ್ಥೆಯನ್ನು ಕಟ್ಟಿದವು. ಅದು ಪ್ರಚುರಪಡಿಸಿದ ನಿಯಮಗಳು ಸರಳವಾದವು: ತೆರೆದಿರುವ ದಾರಿಯಲ್ಲಷ್ಟೇ ಹೋಗು, ಗುರುತು ಬಿಡಬೇಡ, ಸೈಕಲ್ ನಿನ್ನ ಹಿಡಿತದಲ್ಲಿರಲಿ, ದಾರಿ ಬಿಟ್ಟುಕೊಡು, ಪ್ರಾಣಿಗಳನ್ನು ಬೆದರಿಸಬೇಡ, ಮೊದಲೇ ಯೋಚಿಸಿ ಸಿದ್ಧನಾಗು. ಸೈಕಲ್ ತುಳಿಯಲು ಯಾರಿಗೂ ಸಂಘ ಬೇಕಿಲ್ಲ, ಮಿತ್ರರೇ. ಯಾರಾದರೂ ಬಂದು ಕೇಳಿದಾಗ ಉತ್ತರ ಕೊಡುವುದಕ್ಕೆ ಸಂಘ ಬೇಕು.

ಆದ್ದರಿಂದ ಹುದ್ದೆಗಳ ವಿಚಾರವನ್ನು ಅಧ್ಯಕ್ಷನಿಂದ ಆರಂಭಿಸದೆ ಕೊನೆಯ ಸವಾರನಿಂದ ಆರಂಭಿಸುತ್ತೇನೆ. ಹೊರಡುವ ಮೊದಲು ತಲೆ ಎಣಿಸಿ, ಇಂದು ಕೊನೆಯವರು ಇಂಥವರು ಎಂದು ಹೆಸರು ಹಿಡಿದು ಹೇಳಬೇಕು. ಆ ವ್ಯಕ್ತಿಯನ್ನು ಯಾರೂ ಹಿಂದೆ ಬಿಟ್ಟು ಹೋಗಕೂಡದು, ಆತನೂ ಯಾರನ್ನೂ ದಾಟಿ ಮುಂದೆ ಹೋಗಕೂಡದು. ಪಂಪು, ಟ್ಯೂಬು, ಚೈನಿನ ಕೊಂಡಿ, ಗಾಯಕ್ಕೆ ಕಟ್ಟುವ ಬಟ್ಟೆ ಆತನ ಚೀಲದಲ್ಲಿರಬೇಕು. ಬಿದ್ದವನ ಬಳಿ ಮೊದಲು ಮುಟ್ಟುವವನು ಆತನೇ. ಉಣುಗೋಲು ಮುಚ್ಚುವವನೂ ಆತನೇ. ಎಲ್ಲರಿಗಿಂತ ನಿಧಾನವಾಗಿ ತುಳಿಯುವ ಬಡಪಾಯಿಯನ್ನು ಈ ಕೆಲಸಕ್ಕೆ ಹಾಕುವ ಪದ್ಧತಿ ಅನೇಕ ಕಡೆ ಇದೆ. ಅದು ತಪ್ಪು. ಚೆನ್ನಾಗಿ ತುಳಿಯಬಲ್ಲ, ಆದರೆ ತುಳಿದು ತೋರಿಸುವ ಚಪಲವಿಲ್ಲದ ವ್ಯಕ್ತಿ ಬೇಕು. ನಮ್ಮಲ್ಲಿ ಈ ಕೆಲಸವನ್ನು ಬಹುಕಾಲ ಚೆನ್ನಾಗಿ ನಿರ್ವಹಿಸಿದವರು ಒಬ್ಬ ಶಾಲಾ ಶಿಕ್ಷಕಿ. ಮಕ್ಕಳನ್ನು ಸಾಲಾಗಿ ಕರೆದೊಯ್ದು ರೂಢಿಯಿದ್ದುದರಿಂದ ಅವರಿಗೆ ಎಣಿಸುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಸವಾರಿಯ ಮುಂದಾಳಿಗೆ ಕೊಡಬೇಕಾದ ನಿಜವಾದ ಅಧಿಕಾರ ಒಂದೇ: “ಇಂದು ಬೇಡ” ಎನ್ನುವ ಅಧಿಕಾರ. ಅಂದಿನ ಜೂನ್ ಭಾನುವಾರ ಹದಿನಾಲ್ಕು ಮಂದಿಯಲ್ಲಿ ಮೂವರಿಗಾದರೂ ನೆಲ ಒದ್ದೆಯಾಗಿದೆ ಎನ್ನಿಸಿತ್ತು, ಆಮೇಲೆ ಹೇಳಿದರು. ಹೇಳುವ ಅಧಿಕಾರ ತಮಗಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಈಗ ನಮ್ಮಲ್ಲಿ ಒಂದು ಒಪ್ಪಂದವಿದೆ. ಮುಂದಾಳು ಬೇಡವೆಂದರೆ ಅಲ್ಲಿ ಮತದಾನವಿಲ್ಲ, ಅಧ್ಯಕ್ಷನೂ ಅದನ್ನು ಮೀರಕೂಡದು. ನೂರು ಕಿಲೋಮೀಟರ್ ದೂರದಿಂದ ಬಂದ ಅತಿಥಿಗಳ ಮುಂದೆ ಆ ಮಾತು ಹೇಳುವುದು ಎಷ್ಟು ಕಷ್ಟವೆಂಬುದು ಹೇಳಿದವರಿಗೇ ಗೊತ್ತು.

ಇಲ್ಲಿ ವಿದ್ಯಾರ್ಥಿಗಳು ಒಂದು ವಾದ ಮಾಡಬಹುದು. 1994ರಲ್ಲಿ ಪ್ರಕಟವಾದ, ಅಮೆರಿಕದ ಮೊಂಟಾನಾದ ಒಂದು ಅಧ್ಯಯನದಲ್ಲಿ, ಒದ್ದೆ ಮಾಡಿದ ದಾರಿಯಲ್ಲಿ ಕುದುರೆಯ ಗೊರಸು ಮತ್ತು ಮನುಷ್ಯನ ಪಾದಗಳು ಗಾಲಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸಿದ್ದು ಕಂಡುಬಂದಿತು. ನಾನೂ ಒಂದು ಕಾಲದಲ್ಲಿ ಅದನ್ನು ಹೇಳಿಕೊಂಡು ಓಡಾಡಿದವನೇ. ಆದರೆ ಅಲ್ಲಿಯ ಮಳೆ ನಮ್ಮ ಮಳೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಸೊಪ್ಪಿನ ಹೊರೆ ಹೊತ್ತ ಹೆಂಗಸು ದಿನಕ್ಕೆರಡು ಬಾರಿ ಹಾಯುವ ದಾರಿಯಲ್ಲಿ ಹದಿನಾಲ್ಕು ಸೈಕಲ್ಲುಗಳು ಹತ್ತೇ ನಿಮಿಷದಲ್ಲಿ ಬ್ರೇಕು ಕಚ್ಚಿಕೊಂಡು ಜಾರುತ್ತವೆ. ಪಾದದ ಗುರುತು ಬಿಡಿಬಿಡಿಯಾದ ಗುಂಡಿ; ಜಾರಿದ ಗಾಲಿಯ ಗುರುತು ತಡೆಯಿಲ್ಲದ ಕಾಲುವೆ. ನೀರಿಗೆ ಬೇಕಾದದ್ದು ಅದೇ.

ಹಾಗಾಗಿ ಮೂರನೆಯ ಹುದ್ದೆ, ದಾರಿಯ ಹೊಣೆಗಾರ. ಈತ ನೀರಿನ ಭಾಷೆ ಬಲ್ಲವನಾಗಿರಬೇಕು. ಬೆಟ್ಟದ ದಾರಿ ಕಡಿಯುವವರು ಪಾಲಿಸುವ ಒಂದು ಲೆಕ್ಕವಿದೆ: ದಾರಿಯ ಏರು, ಅದು ಹಾಯುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ದಾಟಿ ಹೋಗುವ ಬದಲು ದಾರಿಯುದ್ದಕ್ಕೂ ಓಡುತ್ತದೆ. ಒಟ್ಟಾರೆ ಹತ್ತು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರದಿರುವುದು ಲೇಸು. ದಾರಿಯ ಹೊರ ಅಂಚು ತುಸು ತಗ್ಗಿರಬೇಕು. ಅಲ್ಲಲ್ಲಿ ದಾರಿ ಸ್ವಲ್ಪ ಇಳಿದು ಮತ್ತೆ ಏರಿದರೆ ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ನಮ್ಮ ಹಳೆಯ ಗಾಡಿದಾರಿಗಳು ಗುಡ್ಡವನ್ನು ಅಡ್ಡಡ್ಡಲಾಗಿ ಬಳಸಿ ಏರುವುದನ್ನು ನೀವು ನೋಡಿದ್ದೀರಿ. ಎತ್ತುಗಳ ಅನುಕೂಲಕ್ಕೆ ಮಾಡಿದ್ದು ಮಣ್ಣಿಗೂ ಅನುಕೂಲವಾಯಿತು. ಕಾಲುದಾರಿಗಳು ಹಾಗಲ್ಲ, ಮನೆಗೆ ಬೇಗ ಮುಟ್ಟುವ ಆತುರದಲ್ಲಿ ಅವು ನೇರವಾಗಿ ಇಳಿಯುತ್ತವೆ. ಅವು ಸೈಕಲ್ಲಿಗೆ ಸಲ್ಲವು. ಸೈಕಲ್ಲಿಗೆ ಗಾಡಿದಾರಿಯೇ ಸಾಕು.

ಖಜಾಂಚಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಇರಲಿ, ಲೆಕ್ಕ ವರ್ಷಕ್ಕೊಮ್ಮೆ ಓದಲ್ಪಡಲಿ. ನೋಂದಣಿ ಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಸಾಕು. ಏಳು ಮಂದಿ ಸಿಗುವುದು ಸುಲಭ. ಏಳನೆಯ ವರ್ಷದಲ್ಲಿಯೂ ಅವರು ಇರುವುದು ಅಪರೂಪ. ಇದಕ್ಕೆ ಕಾರಣ ಸ್ವಯಂಸೇವೆಯ ಸ್ವಭಾವದಲ್ಲೇ ಇದೆ. ಸಂಬಳವಿಲ್ಲ, ಆದ್ದರಿಂದ ಕೆಲಸ ಮಾಡದವನನ್ನು ತೆಗೆಯುವಂತಿಲ್ಲ. ಮಾಡುವವನ ಮೇಲೆಯೇ ಎಲ್ಲವೂ ಬಂದು ಬೀಳುತ್ತದೆ. ಮೂರನೆಯ ವರ್ಷ ಆತ ಸದ್ದಿಲ್ಲದೆ ದೂರವಾಗುತ್ತಾನೆ. ಆತನೊಂದಿಗೆ ಊರಿನವರ ಪರಿಚಯ, ದಾರಿಯ ಅರಿವು, ಅರಣ್ಯ ಕಚೇರಿಯ ಕಾಗದ ಪತ್ರ ಎಲ್ಲವೂ ಹೋಗುತ್ತವೆ. ನಾವು ಎರಡು ವರ್ಷಕ್ಕೊಮ್ಮೆ ಹುದ್ದೆ ಬದಲಿಸುತ್ತೇವೆ. ಪ್ರತಿಯೊಬ್ಬರ ಜೊತೆಗೂ ಕಲಿಯುವವರೊಬ್ಬರು ಇರುತ್ತಾರೆ. ನಿಮ್ಮ ಸಂಘಕ್ಕೆ ಇದು ಇನ್ನೂ ಅಗತ್ಯ. ವಿದ್ಯಾರ್ಥಿ ಮೂರು ವರ್ಷಕ್ಕೆ ಪದವಿ ಮುಗಿಸಿ ಊರು ಬಿಡುತ್ತಾನೆ. ಗುಡ್ಡ ಇಲ್ಲೇ ಇರುತ್ತದೆ. ಆದ್ದರಿಂದ ಸಮಿತಿಯಲ್ಲಿ ಊರಿನವರಿಬ್ಬರಾದರೂ ಇರಲಿ, ಅವರಿಗೆ ಸೈಕಲ್ ತುಳಿಯಲು ಬಾರದಿದ್ದರೂ ಸರಿ.

ಕಾಡಿನ ಅನುಮತಿಯ ಹೊಣೆಯನ್ನು ಕಾರ್ಯದರ್ಶಿ ಹೊರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ಒಮ್ಮೆಲೇ ಮುಗಿಬಿದ್ದುದನ್ನೂ, ಅದರ ಬೆನ್ನಿಗೇ ಅರಣ್ಯ ಇಲಾಖೆಯು ಆನ್‌ಲೈನ್ ನೋಂದಣಿಯಿಲ್ಲದ ಕಡೆಗಳಲ್ಲಿ ಚಾರಣವನ್ನು ತಡೆದುದನ್ನೂ ನೀವು ಪತ್ರಿಕೆಯಲ್ಲಿ ಓದಿರಬಹುದು. ಆ ಗುಂಪಿನಲ್ಲಿ ನಿಯಮ ಪಾಲಿಸುವವರೂ ಇದ್ದಿರಬೇಕು. ನಿಷೇಧ ಬಂದಾಗ ಅವರನ್ನು ಬೇರೆಯಾಗಿ ಎಣಿಸುವ ದಾರಿ ಇರುವುದಿಲ್ಲ.

ಇನ್ನೊಂದು ವಿಷಯ ಮಲೆನಾಡಿನದೇ. ಮಳೆಗಾಲ ಕಳೆದು ನೆಲ ಗಟ್ಟಿಯಾಗಿ, ಇನ್ನೇನು ಸವಾರಿಗೆ ಹೊರಡಬೇಕು ಎನ್ನುವಷ್ಟರಲ್ಲಿ ಉಣುಗಿನ ಕಾಲ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಉಣುಗಿನ ಕಡಿತದಿಂದಲೇ ಬರುವುದು. ಅದರ ಹಾವಳಿ ಹೆಚ್ಚು ಇರುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಡಿನಲ್ಲಿ ಮಂಗ ಸತ್ತಿದೆಯೇ ಎಂದು ಊರಿನವರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ವಿಚಾರಿಸದೆ ಮುಂದಾಳು ಗುಂಪನ್ನು ಹೊರಡಿಸಬಾರದು. ಸತ್ತಿದ್ದರೆ ಆ ದಿಕ್ಕಿಗೆ ಸವಾರಿಯಿಲ್ಲ. ಹೋದಾಗಲೂ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಹಚ್ಚುವ ಎಣ್ಣೆ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ. ಹದಿನೆಂಟರ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ಹೇಳುವುದನ್ನು ಬಿಡಬೇಡಿ.

ಊರಿನ ಹಿರಿಯರಲ್ಲಿ ಒಂದು ಅರಿಕೆ. ಈ ಮಕ್ಕಳು ನಿಮ್ಮ ದಾರಿಯಲ್ಲಿ ಬಂದಾಗ ಮುಲಾಜಿಲ್ಲದೆ ನಿಲ್ಲಿಸಿ ಕೇಳಿ: ಇಂದು ಮುಂದಾಳು ಯಾರು, ಕೊನೆಯವರು ಯಾರು? ಎರಡು ಹೆಸರು ತಡವಿಲ್ಲದೆ ಬಂದರೆ ಬಿಡಿ. ಬಾರದಿದ್ದರೆ ಹಿಂದಕ್ಕೆ ಕಳಿಸಿ. ಹೊರೆ ಹೊತ್ತವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ದನ ಹೊಡೆದುಕೊಂಡು ಬರುವವರಿಗೆ ಸೈಕಲ್ಲಿನವನು ಕೆಳಗಿಳಿದು ದಾರಿ ಬಿಡಬೇಕು.

ಆ ತೋಟದ ದಾರಿಯಲ್ಲಿ ನಾವು ಇಂದಿಗೂ ಸವಾರಿ ಮಾಡುವುದಿಲ್ಲ. ಮೂರನೆಯ ಭಾನುವಾರ ಕೆಲಸ ಮುಗಿದಾಗ ಯಜಮಾನರು ಮಜ್ಜಿಗೆ ಕೊಟ್ಟರು, ಮನೆಯವರನ್ನೆಲ್ಲ ಪರಿಚಯಿಸಿದರು. ಮುಂದೆ ಬೇಸಿಗೆಯಲ್ಲಿ ಬರಬಹುದೇ ಎಂದು ನಮ್ಮವನೊಬ್ಬ ಕೇಳಿದ. “ನಡೆದು ಬನ್ನಿ” ಎಂದರು.

ಬರುವ ಭಾನುವಾರ ಇಲ್ಲಿಯ ಹಳೆಯ ಗಾಡಿದಾರಿಯಲ್ಲಿ ನೀರು ಹೊರಹಾಕುವ ತಗ್ಗುಗಳನ್ನು ತೋಡುವ ಕೆಲಸವಿದೆ. ಬೆಳಿಗ್ಗೆ ಏಳಕ್ಕೆ ಶಾಲೆಯ ಬಳಿ ಸೇರೋಣ. ಗುದ್ದಲಿ, ಹಾರೆ, ಕತ್ತಿ ಇದ್ದವರು ತನ್ನಿ. ಮಧ್ಯಾಹ್ನದ ಬುತ್ತಿಯೂ ಇರಲಿ. ಸೈಕಲ್ ಅಂದು ಬೇಡ.