ತಿರುಳ್ಗನ್ನಡದ ಸೀಮೆಯಲ್ಲಿ ಸಕಲ ಸಂತರ ಹಬ್ಬ



ನವೆಂಬರ್ 1 ಧರ್ಮಸಭೆಗೆ ಸಕಲ ಸಂತರ ಮಹೋತ್ಸವ, ನಾಡಿಗೆ ರಾಜ್ಯೋತ್ಸವ. ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಧಾರವಾಡ ಜಿಲ್ಲೆ ಕನ್ನಡ ನಾಡಿಗೆ ಸೇರಿದ್ದು 1956ರ ಇದೇ ದಿನ. ಇಂದಿನ ಮೊದಲ ವಾಚನದಲ್ಲಿ ಸಂತ ಯೊವಾನ್ನರು ಕಂಡ ಮಹಾಸಮೂಹದಲ್ಲಿ ಸಕಲ ಭಾಷೆಗಳನ್ನಾಡುವ ಜನರಿದ್ದರು. ಅಲ್ಲಿ ನವಲಗುಂದ, ಕುಂದಗೋಳ, ಕಲಘಟಗಿಯ ಮಾತಿಗೂ ಜಾಗವಿದೆಯೇ?

ನಾವು ಸುಮ್ಮನೆ ಕೇಳುತ್ತಿಲ್ಲ. ಬಲಿಪೂಜೆಯಲ್ಲಿ ವಾಚನ ಓದಲು ಕರೆದರೆ ನಮ್ಮ ಹಳ್ಳಿಗಳ ತಾಯಂದಿರು, ಯುವಕರು ಹಿಂದೆ ಸರಿಯುತ್ತಾರೆ. "ನಮ್ಮದು ಒರಟ ಮಾತು ರೀ ಫಾದರ್, ಬೆಂಗಳೂರು ಮಂದಿ ಹಂಗ ನಮಗ ಓದಾಕ ಬರೂದಿಲ್ಲ" ಎನ್ನುತ್ತಾರೆ.

ಒರಟು ಎಂದವರು ಯಾರು? ಸುಮಾರು 850ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ರಚನೆಯಾದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆಯೆಂದು ಊರುಗಳ ಹೆಸರು ಹಿಡಿದೇ ಹೇಳುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವೆ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಕೊಪ್ಪಳ. ಪುಲಿಗೆರೆಯೋ ಕುಂದಗೋಳ ತಾಲೂಕಿನ ಆಚೆಗಿರುವ ಲಕ್ಷ್ಮೇಶ್ವರ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳು ಬೀಳುವುದು ಈ ನಡುವೆಯೇ! ಆದಿಕವಿ ಪಂಪ 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದಾಗ, ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಅವನ ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಮನೆತನದವಳು. ಈಗಿನ ತೆಲಂಗಾಣದ ಕುರಿಕ್ಯಾಲದಲ್ಲಿ, ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಇದನ್ನು ಕೆತ್ತಿಸಿದ್ದಾನೆ. ದೂರದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದರೂ ಪಂಪ ಅವ್ವನ ಸೀಮೆಯ ಮಾತು ಬಿಡಲಿಲ್ಲ. ಅವನು ಜೈನ, ನಮ್ಮ ಸಂತರ ಪಟ್ಟಿಯವನಲ್ಲ. ಆದರೂ ನಾವಿಂದು ಪರಲೋಕ ಮಂತ್ರ ಹೇಳುವುದು ಅವನು ತಿದ್ದಿ ಬೆಳೆಸಿದ ಭಾಷೆಯಲ್ಲಿ.

ಮಾತಿಗೆ ಅಂಜಿದವನೊಬ್ಬ ಇಂಗ್ಲೆಂಡಿನಲ್ಲೂ ಇದ್ದ. ಏಳನೇ ಶತಮಾನದಲ್ಲಿ ವಿಟ್ಬಿ ಮಠದ ದನ ಕಾಯುತ್ತಿದ್ದ ಕ್ಯಾಡ್ಮನ್. ಊಟದ ಕೂಟದಲ್ಲಿ ಹಾಡುವ ಸರದಿ ಹತ್ತಿರ ಬಂದರೆ ಎದ್ದು ಹೋಗುತ್ತಿದ್ದ. ಅಂಥ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ, ಸೃಷ್ಟಿಯನ್ನು ಕುರಿತು ಹಾಡೆಂದು ಕನಸಿನಲ್ಲಿ ಅಪ್ಪಣೆಯಾಯಿತು. ತನ್ನ ಆಡುಮಾತಿನಲ್ಲೇ ಹಾಡಿದ. ಮಠದ ಮಾತೆ ಸಂತ ಹಿಲ್ಡಾ ಅವನನ್ನು ಒಳಗೆ ಸೇರಿಸಿಕೊಂಡು, ಪವಿತ್ರ ಗ್ರಂಥದ ಕಥೆಗಳನ್ನು ತಿಳಿಸಿಕೊಡುವಂತೆ ಮಾಡಿದರು. ಅವನು ಅವುಗಳನ್ನೆಲ್ಲ ಹಾಡಾಗಿಸಿದ. ಇದನ್ನು 731ರಲ್ಲಿ ಬರೆದಿಟ್ಟ ಸಂತ ಬೀಡರು, 735ರಲ್ಲಿ ಮರಣಶಯ್ಯೆಯಲ್ಲಿದ್ದಾಗಲೂ ಯೊವಾನ್ನರ ಶುಭಸಂದೇಶವನ್ನು ತಮ್ಮ ಜನರ ಭಾಷೆಗೆ ತರುತ್ತಿದ್ದರು. ಇಂದು ನಾವು ಮಣೆ ಹಾಕುವ ಇಂಗ್ಲಿಷೂ ಒಂದು ಕಾಲಕ್ಕೆ ದನಗಾಹಿಯ ಮಾತೇ ಆಗಿತ್ತಲ್ಲ!

ಸಂತ ಪೇತ್ರರನ್ನು ಅಂಗಳದಲ್ಲಿ ಗುರುತಿಸಿಕೊಟ್ಟದ್ದು ಗಲಿಲೇಯದ ಮಾತಿನ ಧಾಟಿ. ಪಂಚಾಶತ್ತಮ ದಿನ ಎದ್ದು ನಿಂತು ಬೋಧಿಸಿದವರೂ ಅವರೇ.

ಮುಂದಿನ ಭಾನುವಾರದ ಎರಡು ವಾಚನಗಳಿಗೆ ಇನ್ನೂ ಯಾರ ಹೆಸರೂ ಬಂದಿಲ್ಲ. ಪೂಜೆ ಮುಗಿದ ಮೇಲೆ ವಾಚನ ಗ್ರಂಥ ಇಲ್ಲೇ ಪೀಠದ ಬಳಿ ಇರುತ್ತದೆ. ತಾಯಂದಿರು ಮೊದಲು ಬನ್ನಿ. ಓದು ಬಾರದ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ಹೇಳಿಕೊಡಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನು ಅವರು ತಮ್ಮ ಮಾತಿನಲ್ಲೇ ಹೇಳಲಿ.