ಬಿಸಿಲಿಗೂ ಬೇಲಿ



2021ರಲ್ಲಿ ಪ್ರಧಾನಿ ಗ್ಲಾಸ್ಗೋಗೆ ಹೋಗಿ, 2030ರೊಳಗೆ ಕಲ್ಲಿದ್ದಲು, ಎಣ್ಣೆ ಸುಡದ 500 ಗಿಗಾವ್ಯಾಟ್ ಮಾಡ್ತೀವಿ ಅಂದರು. ಮಾಡಲಿ. ಕಲ್ಲಿದ್ದಲ ಬೂದಿ ಬಡವರ ಎದೆಯಲ್ಲೇ ಕೂತದ್ದು, ಅದರ ಪರ ನಾನು ವಾದಿಸ್ತಿಲ್ಲ.

ಆದರೆ ತುಮಕೂರು ಜಿಲ್ಲೆಯ ಪಾವಗಡಕ್ಕೆ ಒಮ್ಮೆ ಹೋಗಿ ಬನ್ನಿ. ತಿರುಮಣಿ, ವಳ್ಳೂರು ಸುತ್ತ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಗಾಜಿನ ಹಲಗೆ. 2019ರ ಹೊತ್ತಿಗೇ 2,050 ಮೆಗಾವ್ಯಾಟ್. ಭೂಮಿ ಕೊಂಡಿಲ್ಲ, ಗುತ್ತಿಗೆಗೆ ಹಿಡಿದಿದ್ದಾರೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಮಳೆ ಕಾಣದ ಸೀಮೆಯ ರೈತನಿಗೆ ಇದು ಕಮ್ಮಿಯಲ್ಲ, ಒಪ್ಪೋಣ.

ಎಕರೆಯೇ ಇಲ್ಲದವನಿಗೆ? ಆ ಹೊಲಗಳಲ್ಲಿ ಶೇಂಗಾ ಕಿತ್ತು ಕೂಲಿ ತರ್ತಿದ್ದ ಕೇರಿಯ ಹೆಂಗಸರ ಹೆಸರು ಯಾವ ಪಹಣಿಯಲ್ಲಿತ್ತು? ಪಹಣಿ ನೋಡಿ ದುಡ್ಡು ಕೊಡೋ ಲೆಕ್ಕದಲ್ಲಿ ಕೂಲಿ ಹೋದದ್ದು ನಷ್ಟಾನೇ ಅಲ್ಲ. ಕುರಿ ಮೇಯ್ತಿದ್ದ ಬಯಲಿಗೂ ಬೇಲಿ. ಒಳಗೆ ಹುಲ್ಲು ಕೀಳೋದು, ಗಾಜು ಒರೆಸೋದು, ಕಾವಲು, ಅದೂ ಸಿಕ್ಕವರಿಗೆ. ನೀತಿ ಬರೆಯೋ ಬುದ್ಧಿವಂತರು ಇದನ್ನ ಹಸಿರು ಅಂತಾರೆ. (ನಮ್ಮ ಕಡೆ ಹಸಿರು ಅಂದ್ರೆ ಮೇವು.)

1974ರ ಭೂಸುಧಾರಣೆಯಲ್ಲೂ ಗೇಣಿದಾರನಿಗೆ ಭೂಮಿ ಬಂತು, ಕೂಲಿಯವನು ಬದುವಿನ ಮೇಲೇ ನಿಂತ. ಈ ಸಲ ಬಿಸಿಲಿನ ಗುತ್ತಿಗೆಯಲ್ಲಿ ಅವನ ಪಾಲೆಷ್ಟು ಅಂತ ಮೊದಲು ಕಾಗದದಲ್ಲಿ ಬರೆದುಕೊಡಲಿ. ಚಪ್ಪಾಳೆ ಆಮೇಲೆ ನೋಡೋಣ.